ಅರ್ಧ ಲೋಟ ಬಿಳಿ ವೈನ್

ನಾನು ಬರೆದ ಪದವೊಂದು ಮೊದಲ ಸಲ ಅಚ್ಚಾದದ್ದು ಬಾಟಲಿಯ ಮೇಲೆ. ‘ಮದ್ಯರಹಿತ ಬಿಳಿ ವೈನ್’ ಎಂಬ ಮೂರು ಪದಗಳಲ್ಲಿ ಮೊದಲನೆಯದು ನನ್ನದು. ಆ ಪದಕ್ಕೆ ನಮ್ಮ ಕೇರಿಯಲ್ಲಿ ಬೆಲೆ ಸಿಗಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನೆನೆದರೆ ಸಿಟ್ಟು ಬರುತ್ತದೆ. ಆ ಸಿಟ್ಟು ಆರುವ ಮೊದಲೇ ಬರೆದು ಮುಗಿಸಬೇಕೆಂದು ಕೂತಿದ್ದೇನೆ. ಸಿಟ್ಟು ಆರಿದ ಮೇಲೆ ನೆನಪು ತಲೆ ಬಾಚಿಕೊಂಡು, ಪೌಡರು ಹಚ್ಚಿಕೊಂಡು ಫೋಟೋಕ್ಕೆ ನಿಂತುಬಿಡುತ್ತದೆ. ಅಂಥ ನೆನಪಿನ ಮೇಲೆ ನನಗೆ ವಿಶ್ವಾಸವಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಕಾರವಾರದ ಒಂದು ಸಣ್ಣ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆಯ ಕರೆಯೋಲೆ, ಮಂಜುಗಡ್ಡೆ ಕಾರ್ಖಾನೆಯ ರಸೀದಿ ಪುಸ್ತಕ, ಸತ್ತವರ ಹನ್ನೆರಡನೆಯ ದಿನದ ಕಾರ್ಡು ಇವನ್ನೆಲ್ಲ ಜೋಡಿಸುತ್ತಿದ್ದೆ. ದಿನವೂ ಅಂಕೋಲೆಯ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಒಂದು ದಿನ ಗೋವಾ ಗಡಿಯಾಚೆಯ ಒಂದು ಕುಟುಂಬದವರು ಬಂದರು. ಮೂರು ತಲೆಮಾರಿನಿಂದ ಮನೆಯ ಹಿತ್ತಲಲ್ಲೇ ವೈನ್ ಮಾಡುತ್ತಿದ್ದವರು. ದ್ರಾಕ್ಷಿಯನ್ನು ಸಾಂಗ್ಲಿ ಕಡೆಯಿಂದ ಲಾರಿಯಲ್ಲಿ ತರಿಸುತ್ತಿದ್ದರು. ಮಗ ಹೊರದೇಶದಲ್ಲಿ ಎಲ್ಲೋ ಕೆಲಸ ಕಲಿತು ಬಂದು ಒಂದು ಯಂತ್ರ ಕೂರಿಸಿದ್ದ. ಹುಳಿ ಬಂದು ತಯಾರಾದ ವೈನನ್ನು ಅದರೊಳಗೆ ಹದವಾಗಿ ಬಿಸಿ ಮಾಡಿದರೆ ಅಮಲು ಮಾತ್ರ ಆವಿಯಾಗಿ ಹೋಗುತ್ತದಂತೆ; ಬಣ್ಣ, ಹುಳಿ, ವಾಸನೆ ಉಳಿಯುತ್ತವಂತೆ. ಕುಡಿತ ಬಿಟ್ಟವರು, ಹೆಂಗಸರು, ಇಗರ್ಜಿಯ ಮದುವೆಗಳು, ಹೀಗೆ ಕಾರವಾರದ ಕಡೆ ಮಾರಲು ಅವರಿಗೆ ಕನ್ನಡದ ಲೇಬಲ್ ಬೇಕಾಗಿತ್ತು.

ಅಮಲಿಲ್ಲದ, ನಶೆಯಿಲ್ಲದ, ಮದ್ಯರಹಿತ ಎಂದು ಮೂರು ಬಗೆಯಲ್ಲಿ ಬರೆದು ತೋರಿಸಿದೆ. ಮಗ ಮೂರನೆಯದನ್ನು ಆರಿಸಿದ, ನೋಡಲು ಸರ್ಕಾರಿ ಮಾತಿನ ಹಾಗಿದೆ, ಜನ ನಂಬುತ್ತಾರೆ ಎಂದ. ಅಚ್ಚಿನ ಕರಡು ತೋರಿಸಲು ನಾನೇ ಅವರ ಮನೆಗೆ ಹೋದೆ. ಅವನ ಮುದುಕ ಅಪ್ಪ ಜಗುಲಿಯಲ್ಲಿ ಕೂತು, ಮಗ ಒಳ್ಳೆಯ ವೈನನ್ನು ಕೊಂದು ಹೆಣಕ್ಕೆ ಅಂಗಿ ತೊಡಿಸುತ್ತಿದ್ದಾನೆ, ನೀನು ಗುಂಡಿ ಹಾಕುತ್ತಿದ್ದೀ ಎಂದು ಕೊಂಕಣಿಯಲ್ಲಿ ನಗೆಯಾಡಿದ. ಹೊರಡುವಾಗ ಎರಡು ಬಾಟಲಿ ಕೊಟ್ಟರು. ಒಂದಕ್ಕೆ ನನ್ನ ಕರಡು ಲೇಬಲ್ಲನ್ನೇ ಗೋಂದು ಹಚ್ಚಿ ಅಂಟಿಸಿ ಕೊಟ್ಟರು.

ಗಡಿಯ ತಪಾಸಣೆಯಲ್ಲಿ ಬಸ್ಸು ನಿಂತಿತು. ಕಾವಲಿನವನು ಸೀಟಿನ ಕೆಳಗೆ ಕೈಹಾಕಿ ನನ್ನ ಚೀಲ ಎತ್ತಿದ. ನಾನು ಲೇಬಲ್ ತೋರಿಸಿದೆ. ಅವನು ಅದನ್ನು ಗಟ್ಟಿಯಾಗಿ ಇಡೀ ಬಸ್ಸಿಗೆ ಕೇಳುವಂತೆ ಓದಿದ. "ಮದ್ಯ ಇಲ್ಲ ಅಂದ್ಮೇಲೆ ವೈನ್ ಅಂತ ಎಂತಕ್ಕೆ ಕರೀತ್ರು ಅಕ್ಕಾ?" ಎಂದ. ಹಿಂದಿನ ಸೀಟಿನ ಮೀನು ಬುಟ್ಟಿಯ ಹೆಂಗಸರು ನಕ್ಕರು. ಅವನೂ ನಕ್ಕು, ಮುಚ್ಚಳ ಮೂಸಿ, ಚೀಲ ವಾಪಸು ಕೊಟ್ಟ. ಆ ಹೆಂಗಸರಲ್ಲಿ ಇಬ್ಬರು ನಮ್ಮ ಕೇರಿಯವರು. ಅವರಿಗೆ ನಾನು ಕೈಬೀಸಿದ್ದೆ. ಅಂದು ಎಷ್ಟು ಖುಷಿಯಲ್ಲಿದ್ದೆನೆಂದರೆ, ನನ್ನ ಪದ ಇಡೀ ಬಸ್ಸಿಗೆ ಕೇಳಿಸಿತಲ್ಲ ಎಂದು ಹೆಮ್ಮೆಪಟ್ಟಿದ್ದೆ.

ಈಗ ಆಯಿಯ, ಎಂದರೆ ನನ್ನ ತಾಯಿಯ, ವಿಷಯ ಹೇಳಬೇಕು.

ಆಯಿ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದ. ಬೆಳಗಿನಿಂದ ಮಧ್ಯಾಹ್ನದ ತನಕ ಕೈ ಮಂಜುಗಡ್ಡೆಯ ನೀರಿನಲ್ಲಿ, ಕಾಲು ಒದ್ದೆ ಸಿಮೆಂಟಿನ ಮೇಲೆ. ಸಂಜೆ ಮನೆಗೆ ಬಂದರೆ ಬೆರಳುಗಳು ಮಡಚುತ್ತಿರಲಿಲ್ಲ. ಆಗ ಎರಡು ಬೆರಳಿನಷ್ಟು ಗೇರುಹಣ್ಣಿನ ಫೆನ್ನಿಯನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದಳು. ಮೀನು ಮಾರುವ ಎಷ್ಟೋ ಹೆಂಗಸರು ಕುಡಿಯುತ್ತಿದ್ದರು. ಅದು ಔಷಧ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಒಂದು ವರ್ಷ, ಹಂಗಾಮಿನ ಕೊನೆಯಲ್ಲಿ, ಅಣ್ಣ ಹೋಗಿದ್ದ ಬೋಟು ಮೂರು ದಿನ ತಿರುಗಿ ಬರಲಿಲ್ಲ. ಮಳೆ, ಗಾಳಿ. ಮೂರನೆಯ ದಿನ ಆಯಿ ಒಂದು ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಜಟಗನ ಗುಡಿಗೆ ಹೋದಳು. ಜಟಗನೆಂದರೆ ನಮ್ಮ ದಡ ಕಾಯುವ ದೇವರು, ಒಂದು ಕಲ್ಲು. ನಮ್ಮಲ್ಲಿ ಕಡಲಿಗೆ ಹೋದ ಜೀವ ಬೇಕೆಂದು ಕೇಳುವವರು ತಮಗೆ ಬೇಕಾದ ಯಾವುದನ್ನಾದರೂ ಬಿಡಬೇಕು. ಬಿಟ್ಟದ್ದಕ್ಕೆ ಗುರುತಾಗಿ ಗುಡಿಯ ತೊಲೆಗೆ ಕಾಯಿ ತೂಗಬೇಕು. ಆಣೆ ಉಳಿಯುವ ತನಕ ಕಾಯಿ ತೂಗುತ್ತದೆ, ಕಾಯಿ ತೂಗುವ ತನಕ ಜೀವ ಇರುತ್ತದೆ. ಆಯಿ ಫೆನ್ನಿ ಬಿಟ್ಟಳು. ಸಾಯುವ ತನಕ ನಾಲಗೆಗೆ ಸರಾಯಿ ಮುಟ್ಟಿಸುವುದಿಲ್ಲ ಎಂದಳು. ಅಂದೇ ಸಂಜೆಯೋ ಮರುದಿನ ಬೆಳಿಗ್ಗೆಯೋ ಅಣ್ಣನ ಬೋಟು ಬಂತು. ಅಂದೇ ಸಂಜೆ ಎಂದು ಆಯಿ, ಮರುದಿನ ಎಂದು ಅಣ್ಣ.

ಮುಂದೆ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ನಮ್ಮ ಹಳೆಯ ಊರಾದ ಅರ್ಗಾದಿಂದ ಕೇರಿಯೆಲ್ಲ ಅಂಕೋಲೆಯ ಕಡೆಗೆ ಬಂದಾಗ, ಟೆಂಪೋದಲ್ಲಿ ಪಾತ್ರೆ ಪಗಡಿಗಳ ಜೊತೆ ಜಟಗನ ಕಲ್ಲೂ ಬಂತು. ತೂಗಿದ್ದ ಕಾಯಿಗಳೂ ಗೋಣಿಯಲ್ಲಿ ಬಂದವು. ಆಯಿ ಮಾತ್ರ ತನ್ನ ಕಾಯಿಯನ್ನು ಗೋಣಿಗೆ ಹಾಕಲು ಬಿಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಹೀಗಿದ್ದವಳಿಗೆ ನಾನು ವೈನ್ ತಂದುಕೊಟ್ಟೆ.

ಆ ದಿನವನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು, ಬೋಟುಗಳು ಹೊರಟು ವಾರ ಹತ್ತು ದಿನವಾಗಿತ್ತು. ಸಂಜೆ ಐದು ಗಂಟೆಯಿರಬೇಕು, ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಆಯಿ ಜಗುಲಿಯಲ್ಲಿ ಕೂತು ಬೆರಳು ನೀವಿಕೊಳ್ಳುತ್ತಿದ್ದಳು. ನಾನು ಸ್ಟೀಲಿನ ಲೋಟಕ್ಕೆ ಅರ್ಧ ಹಾಕಿ ಕೊಟ್ಟೆ. ಆಯಿ ಓದು ಬಲ್ಲವಳಲ್ಲ, ಲೇಬಲ್ಲಿನ ಅಕ್ಷರ ನನ್ನದೆಂದು ಬೆರಳಿಟ್ಟು ತೋರಿಸಿದೆ. ಇದರಲ್ಲಿ ಸರಾಯಿ ಇಲ್ಲ, ಯಂತ್ರದಲ್ಲಿ ತೆಗೆದಿದ್ದಾರೆ ಎಂದು ಹೇಳಿದೆ. ಹೇಳಿದ್ದು ಖಂಡಿತ. ಆದರೆ ಯಾವಾಗ? ಲೋಟ ಕೊಡುವ ಮೊದಲೇ, ಅವಳು ಕುಡಿಯುತ್ತಿದ್ದಾಗಲೇ, ಕುಡಿದು ಮುಗಿಸಿದ ಮೇಲೇ? ಒಂದು ನೆನಪಿನಲ್ಲಿ ನಾನು ಬಾಟಲಿ ತೆರೆಯುತ್ತ ಹೇಳುತ್ತಿದ್ದೇನೆ. ಇನ್ನೊಂದರಲ್ಲಿ ಲೋಟ ಅವಳ ಬಾಯಲ್ಲಿದೆ, ಕಣ್ಣು ಮುಚ್ಚಿದೆ, ನಾನಿನ್ನೂ ಅಕ್ಷರಗಳ ಬಗ್ಗೆಯೇ ಬಡಬಡಿಸುತ್ತಿದ್ದೇನೆ. ಎರಡೂ ಅಷ್ಟೇ ನಿಚ್ಚಳ. ಎರಡರಲ್ಲೂ ಅದೇ ಬಿಸಿಲು.

ಆಗ ತಾಂಡೇಲನ ಹೆಂಡತಿ ಅಂಗಳಕ್ಕೆ ಬಂದಳು. ತಾಂಡೇಲ ಎಂದರೆ ಅಣ್ಣನ ಬೋಟಿನ ಮುಖ್ಯಸ್ಥ; ಯಾರು ಬೋಟು ಹತ್ತಬೇಕು, ಯಾರು ಇಳಿಯಬೇಕು ಎನ್ನುವವನು ಅವನು. ಬಸ್ಸಿನ ಸುದ್ದಿ ಅವಳಿಗೆ ತಲುಪಿತ್ತೆಂದು ಆಮೇಲೆ ಗೊತ್ತಾಯಿತು. "ಬಾಟ್ಲಿ ಚಂದ ಉಂಟಲ್ಲೆ" ಎಂದಳು. ಆಯಿ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಮದ್ಯರಹಿತ ಎಂದೆ. ಅವಳಿಗೂ ಓದಲು ಬರುವುದಿಲ್ಲ. ನನ್ನ ಮುಖ ನೋಡಲಿಲ್ಲ, ಆಯಿಯ ಮುಖ ನೋಡಿದಳು. ಆಯಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಗಿನ ಜಾವ ಬೋಟಿಗೆ ಹೋದ ಅಣ್ಣ ಸೂರ್ಯ ಹುಟ್ಟುವ ಮೊದಲೇ ತಿರುಗಿ ಬಂದ. ತಾಂಡೇಲ ಅವನನ್ನು ಹಲಗೆಯ ಮೇಲೆ ಕಾಲಿಡಲು ಬಿಟ್ಟಿರಲಿಲ್ಲ. ಇವನ ಜೀವ ಆಣೆಯ ಮೇಲೆ ನಿಂತದ್ದು, ಆಣೆ ಮುರಿಯಿತು, ಇನ್ನು ಕಡಲು ತನ್ನದನ್ನು ಕೇಳಿ ತಗೊಳ್ಳುತ್ತದೆ, ಇವನೊಬ್ಬನನ್ನೇ ಆರಿಸಿಕೊಳ್ಳುತ್ತದೆಂದು ಹೇಗೆ ಹೇಳುವುದು, ನಮ್ಮ ಮನೆಗಳಲ್ಲೂ ಮಕ್ಕಳಿದ್ದಾರೆ ಎಂದು ಇಪ್ಪತ್ತು ಚಿಲ್ಲರೆ ಜನ ಒಟ್ಟಾಗಿ ಹೇಳಿದರಂತೆ. ಬಾಂಗಡೆ ದಂಡಿಯಾಗಿ ಬರುತ್ತಿದ್ದ ದಿನಗಳು. ಬೇರೆ ಬೋಟುಗಳಿಗೂ ಸುದ್ದಿ ಹೋಗಿತ್ತು. ಅಣ್ಣ ಅಂಗಳದಲ್ಲಿ ಕೂತು ಹರಿಯದ ಬಲೆಯನ್ನು ಹೊಲಿಯತೊಡಗಿದ.

ನನಗೆ ಉರಿದುಹೋಯಿತು. ಯಾರು ಇವರು? ಪ್ರತಿ ಸಂಜೆ ಫೆನ್ನಿ ಇಳಿಯದಿದ್ದರೆ ಬಲೆಯ ಒಂದು ಗಂಟು ಬಿಚ್ಚಲಾರದ ಗಂಡಸರು. ಜಟಗನಿಗೂ ವರ್ಷಕ್ಕೊಮ್ಮೆ ಕೋಳಿಯ ಜೊತೆ ಫೆನ್ನಿ ಎರೆಯುತ್ತಾರೆ. ಆ ಬಾಟಲಿ ಹೊತ್ತು ಹೋಗುವುದು ಹೆಂಗಸರು, ಆಯಿಯೂ ಹೊತ್ತಿದ್ದಾಳೆ. ದೇವರು ಕುಡಿಯಬಹುದು, ತಾಂಡೇಲ ಕುಡಿಯಬಹುದು. ಐದಾರು ವರ್ಷ ಬೆರಳು ಮಡಚಲಾಗದೆ ಅಳುತ್ತ ಮಲಗಿದವಳು ಅರ್ಧ ಲೋಟ ದ್ರಾಕ್ಷಿ ನೀರು ಕುಡಿದರೆ ಕಡಲು ಉಕ್ಕುತ್ತದೆ. ಮನೆಯಲ್ಲಿ ಇದನ್ನೆಲ್ಲ ಕೂಗಿ ಹೇಳಿದೆ. ಅಣ್ಣ ಸೂಜಿಯ ಮೇಲಿನ ಕಣ್ಣು ಎತ್ತಲಿಲ್ಲ. ಆಯಿ ಪಾತ್ರೆ ತೊಳೆಯುತ್ತಿದ್ದಳು.

ಎರಡನೆಯ ಬಾಟಲಿ ಹಾಗೇ ಇತ್ತು. ಅದನ್ನು ಎತ್ತಿಕೊಂಡು ದಡಕ್ಕೆ ಹೋದೆ. ಮಧ್ಯಾಹ್ನ, ಬೋಟು ಖಾಲಿಯಾಗಿತ್ತು, ತಾಂಡೇಲ ಇಬ್ಬರು ಆಳುಗಳ ಜೊತೆ ತಟ್ಟಿಯ ನೆರಳಲ್ಲಿ ಕೂತಿದ್ದ. ಅಣ್ಣ ಬೇಡ ಬೇಡ ಎನ್ನುತ್ತ ನನ್ನ ಹಿಂದೆ ಬಂದ. ನೀವೇ ಕುಡಿದು ನೋಡಿ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ ಎಂದೆ. ತಾಂಡೇಲ ಸಿಟ್ಟಾಗಲಿಲ್ಲ. ಮುಚ್ಚಳ ಬಿಚ್ಚಿ ಒಂದು ಗುಟುಕು ಬಾಯಿಗೆ ಹಾಕಿ, ಅದನ್ನು ಕೆನ್ನೆಯಿಂದ ಕೆನ್ನೆಗೆ ತಿರುಗಿಸಿ ನುಂಗಿದ.

"ಇದು ಕಷಾಯ ಮಾರಾಯ್ತಿ. ಕೆಮ್ಮಿಗೆ ಬತ್ತದೆ."

ಉಳಿದಿಬ್ಬರೂ ಕುಡಿದರು. ಇಂಥದ್ದು ಎರೆದರೆ ಜಟಗ ಊರು ಬಿಟ್ಟು ಹೋಗುತ್ತಾನೆ ಎಂದು ಒಬ್ಬ ಹೇಳಿದ. ಮೂವರೂ ಸೇರಿ ಬಾಟಲಿ ಮುಗಿಸಿದರು, ಸಾಕ್ಷಿ ಪೂರ್ತಿಯಾಗಬೇಕಲ್ಲ. ಆಮೇಲೆ ಒಂದು ಬೀಡಿ ಮುಗಿಯುವ ತನಕ ಕಾದೆವು. ತಾಂಡೇಲ ಕಿರಿಯವನಿಗೆ ದಡಕ್ಕೆಳೆದ ದೋಣಿಯ ಅಂಚಿನ ಮೇಲೆ ನಡೆಯಲು ಹೇಳಿದ. ಅವನು ಕೈ ಎರಡೂ ಚಾಚಿ ಈ ತುದಿಯಿಂದ ಆ ತುದಿಗೆ ನೆಟ್ಟಗೆ ನಡೆದ, ತಿರುಗಿಯೂ ಬಂದ. ಫೆನ್ನಿ ಕುಡಿದೂ ಹೀಗೇ ನಡೆಯುತ್ತೇನೆ ಎಂದು ಅವನೇ ಹೇಳಿ ಕೆಡಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಅಣ್ಣ ಹೇಳುತ್ತಾನೆ. ನನಗೆ ನೆನಪಿಲ್ಲ, ಬೇಕಾಗಿಯೂ ಇಲ್ಲ.

ನಗು ನಿಂತ ಮೇಲೆ ತಾಂಡೇಲ ಬಾಟಲಿಯನ್ನು ನನ್ನ ಕೈಗೆ ವಾಪಸು ಕೊಟ್ಟ.

"ಬಾಟ್ಲಿ ಮೇಲೆ ನಂಗೆ ದೂರಿಲ್ಲ ತಂಗಿ. ಇದ್ರಲ್ಲಿ ಎಂತದೂ ಇಲ್ಲ, ಒಪ್ದೆ. ಆದ್ರೆ ಆಣೆ ಹಾಕಿದ್ದು ಬಾಟ್ಲಿ ಅಲ್ಲ, ನಿನ್ನ ಆಯಿ. ಅವ್ಳು ಒಂದ್ ಮಾತು ಹೇಳ್ಲಿ, ಶರಬತ್ತು ಅಂದ್ಕಂಡು ಕುಡ್ದೆ ಅಂತ. ಅಷ್ಟೇ ಸಾಕು. ನಾಳೆ ಬೆಳಿಗ್ಗೆ ಇವ ಬೋಟು ಹತ್ಲಿ."

ನ್ಯಾಯವಂತನ ಮಾತಿನ ಹಾಗೆ ಕೇಳಿಸಿತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಅಚ್ಚಾದ ಅಕ್ಷರ ಸಾಲದು, ಮೂರು ಗಂಟಲು ಸಾಲದು, ಈಗ ಒಬ್ಬ ಹೆಂಗಸಿನ ಮನಸ್ಸಿನೊಳಗೆ ಕೈಹಾಕಿ ತೆಗೆದು ತೋರಿಸಬೇಕು. ಆದರೂ ಒಂದೇ ಮಾತು ತಾನೆ ಎಂದುಕೊಂಡೆ. ಓಡುತ್ತಲೇ ಮನೆಗೆ ಬಂದೆ.

ಆಯಿ ಆ ಮಾತು ಹೇಳಲಿಲ್ಲ.

ನಾಲ್ಕು ದಿನ ಹೇಳಲಿಲ್ಲ. ಪೇಟೆಗೆ ಹೋಗಿ ಬೇರೆ ಬೋಟಿನ ಮೀನು ಮಾರಿ ಬರುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಅಣ್ಣನ ತಟ್ಟೆಗೆ ದೊಡ್ಡ ತುಂಡು ಹಾಕುತ್ತಿದ್ದಳು. ಅಣ್ಣ ಏನೂ ಕೇಳಲಿಲ್ಲ. ಬೆಳಗಿನ ಜಾವ ಬೋಟುಗಳ ಇಂಜಿನ್ ಸದ್ದಾದಾಗ ಅವನು ಎದ್ದು ಕೂರುತ್ತಿದ್ದ, ಸದ್ದು ದೂರವಾದ ಮೇಲೆ ಮಲಗುತ್ತಿದ್ದ. ನಾನು ಮಾತ್ರ ಬೆನ್ನು ಹತ್ತಿದ್ದೆ. ನೀನು ಹೇಳಬೇಕಾದದ್ದು ಸುಳ್ಳಲ್ಲ, ಅದರಲ್ಲಿ ಸರಾಯಿ ಇರಲಿಲ್ಲ, ತಾಂಡೇಲನೇ ಒಪ್ಪಿದ್ದಾನೆ, ಮಗನ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀ ಎಂದು ಕೊನೆಗೆ ಕೂಗಿದೆ. ಕಟುವಾದ ಬೇರೆ ಮಾತುಗಳನ್ನೂ ಆಡಿದೆ. ಅವನ್ನು ಮರೆತಿಲ್ಲ, ಇಲ್ಲಿ ಬರೆಯುವುದೂ ಇಲ್ಲ.

ಐದನೆಯ ದಿನ, ಬೆಳಗಿನ ಚಾ ಹೊತ್ತಿಗೆ, ಅಣ್ಣ ಬಾವಿಗೆ ಹೋಗಿದ್ದಾಗ ಅವಳು ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. ನಮ್ಮ ಮನೆಯ ಮಾತು ಕೊಂಕಣಿ. ಕನ್ನಡದಲ್ಲಿ ಬರೆಯುವಾಗಲೇ ಅದರ ಒಂದು ಪದರ ಹೋಗಿರುತ್ತದೆ, ಉಳಿದದ್ದು ಇಷ್ಟು.

"ನೀ ಹೇಳಿದ್ದೆ, ನಂಗೆ ಕೇಳಿಸಿತ್ತು. ಲೋಟ ಬಾಯಿಗೆ ಹಿಡ್ದಾಗ, ದೇವ್ರೇ, ಇವ್ಳು ಹೇಳಿದ್ದು ಸುಳ್ಳಾಗ್ಲಿ, ಇದ್ರಲ್ಲಿ ಚೂರಾದ್ರೂ ಇರ್ಲಿ ಅಂದ್ಕಂಡೆ. ಹಾಗಂದ್ಕಂಡೇ ಕುಡ್ದೆ. ಇನ್ನು ಶರಬತ್ತು ಅಂತ ಹೇಗೆ ಹೇಳ್ಲಿ? ನಿನ್ನ ಅಣ್ಣನ ಜೀವದ ಮೇಲೆ ಸುಳ್ಳು ಹೇಳ್ಲಾ?"

ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಆಸೆಗೂ ಶಿಕ್ಷೆಯೇ? ಕೈ ನೋಯುತ್ತಿದ್ದ ಹೆಂಗಸು ಒಂದು ಕ್ಷಣ ಔಷಧ ಸಿಗಲಿ ಎಂದುಕೊಂಡರೆ ಅದನ್ನೂ ಎಣಿಸುವ ದೇವರು ಎಂಥವನು? ಇನ್ನೂ ಒಂದು ಅನುಮಾನ ಆಗಲೇ ಹುಟ್ಟಿತು, ಇವತ್ತಿಗೂ ಸತ್ತಿಲ್ಲ. ನಾನು ಮೊದಲೇ ಹೇಳಿದ್ದೆ ಎಂದು ಅವಳು ಹೇಳಿದ್ದು ನಿಜವೇ? ನಾನು ಹೇಳದೆಯೇ ಲೋಟ ಕೈಗೆ ಕೊಟ್ಟಿದ್ದರೆ ತಪ್ಪು ನನ್ನದಾಗುತ್ತಿತ್ತು. ಆ ತಪ್ಪನ್ನು ನನ್ನ ತಲೆಯಿಂದ ಎತ್ತಿ ತನ್ನ ಬುಟ್ಟಿಗೆ ಹಾಕಿಕೊಳ್ಳಲು ‘ಕೇಳಿಸಿತ್ತು’ ಎಂದಳೇ? ಆಯಿ ಅಂಥದ್ದನ್ನು ಮಾಡಬಲ್ಲವಳು. ಮಗನ ಜೀವದ ಮೇಲೆ ಸುಳ್ಳು ಹೇಳಲಾರಳು. ಮಗಳ ನೆಮ್ಮದಿಗೆ ಹೇಳಿಯಾಳು.

ಅಂದೇ ಬೆಳಿಗ್ಗೆ ಅವಳು ಪೇಟೆಗೆ ಹೋಗಲಿಲ್ಲ. ಮಿಂದು ಒದ್ದೆ ಸೀರೆಯಲ್ಲೇ ಗುಡಿಗೆ ಹೊರಟಳು, ಕೈಯಲ್ಲಿ ಹೊಸ ಕಾಯಿ, ಹೊಸ ಕೆಂಪು ಬಟ್ಟೆ. ನಾವಿಬ್ಬರೂ ಹಿಂದೆ ಹೋದೆವು. ಸುದ್ದಿ ಹೇಗೆ ಹರಡಿತೋ, ತಾಂಡೇಲನೂ ಅವನ ಹೆಂಡತಿಯೂ ನಾಲ್ಕಾರು ಜನರೂ ಬಂದು ನಿಂತಿದ್ದರು. ಗುಡಿಯ ಪೂಜೆ ಮಾಡುವ ಕುಂಬಾರ ಗುನಗ ಹಳೆಯ ಕಾಯಿಯನ್ನು ತೊಲೆಯಿಂದ ಬಿಚ್ಚಿ ಕೊಟ್ಟ. ಬಟ್ಟೆ ಬಣ್ಣ ಹೋಗಿ ಮಣ್ಣಿನ ಹಾಗಾಗಿತ್ತು. ಆಯಿ ಅದನ್ನು ಸೊಂಟದ ನೀರಿನ ತನಕ ಒಯ್ದು ಬಿಟ್ಟಳು. ಅಲೆ ಎರಡು ಸಲ ಅದನ್ನು ದಡಕ್ಕೆ ತಂದಿತು. ಅವಳು ಎರಡು ಸಲವೂ ಎತ್ತಿಕೊಂಡು ಹೋಗಿ ಬಿಟ್ಟಳು. ಮೂರನೆಯ ಸಲ ಹೋಯಿತು.

ಆಮೇಲೆ ಪ್ರಸಾದ ಕೇಳುವುದು. ಗುನಗ ಕಲ್ಲಿನ ಎರಡೂ ಬದಿಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸುತ್ತಾನೆ. ಕೇಳಬೇಕಾದ್ದನ್ನು ಅವನ ಮೂಲಕ ಕೇಳಬೇಕು. ಬಲದ ಎಸಳು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ನಾನು ಮುಂದೆ ನುಗ್ಗಿ, ಬಾಟಲಿಯಲ್ಲಿ ಸರಾಯಿ ಇತ್ತೋ ಇಲ್ಲವೋ ಕೇಳು, ದೇವರೇ ಹೇಳಲಿ ಎಂದೆ. ಗುನಗ ವಯಸ್ಸಾದವನು, ಮಡಕೆ ಮಾಡಿದ ಬೆರಳುಗಳು. ಅವನು ಗದರಲಿಲ್ಲ.

"ಬಾಟ್ಲಿ ವಿಷ್ಯ ಅಂಗಡಿಲಿ ಕೇಳೂದು ಮಗಾ. ಇಲ್ಲಿ ಅಲ್ಲ" ಎಂದ.

ಆಯಿ ನನ್ನನ್ನು ಮೊಣಕೈಯಿಂದ ಹಿಂದೆ ಸರಿಸಿದಳು. ಆಣೆ ಮುರಿಯಿತೋ ಇಲ್ಲವೋ ಎಂದು ಕೇಳಿಸುತ್ತಾಳೆಂದು ಎಲ್ಲರೂ ಕಾಯುತ್ತಿದ್ದರು. ಅವಳು ಅದನ್ನು ಕೇಳಲೇ ಇಲ್ಲ.

"ಇವತ್ತಿಂದ ಮೀನು ಬಿಟ್ಟೆ" ಎಂದಳು. "ಸಾಯೂವರೆಗೆ. ಸಾಕಾ ಕೇಳು."

ತಾಂಡೇಲನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಡಲ ದಡದ ಬಡ ಹೆಂಗಸು ಮೀನು ಬಿಟ್ಟರೆ ಏನು ತಿನ್ನಬೇಕು? ಗಂಜಿ ಇದೆ, ಉಪ್ಪಿನಕಾಯಿ ಇದೆ. ಒಣಮೀನಿನ ಒಂದು ಚೂರೂ ಇಲ್ಲದ ಮಳೆಗಾಲವನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಬೇಡ ಎಂದು ಅಣ್ಣ ಕೂಗಿದ, ಅಥವಾ ಕೂಗಿದವಳು ನಾನು. ಅಷ್ಟರಲ್ಲಿ ಬಲದ ಎಸಳು ಬಿದ್ದಿತ್ತು. ಗಾಳಿಗೆ ಬಿತ್ತೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಆ ದಿನ ಗಾಳಿ ಇತ್ತೇ ಎಂದು ಅಣ್ಣ ಒಮ್ಮೆ ಕೇಳಿದ.

ಮರುದಿನ ಬೆಳಗಿನ ಜಾವ ಅಣ್ಣ ಬೋಟು ಹತ್ತಿದ. ತಾಂಡೇಲ ಅವನನ್ನು ಎಂದಿನ ಜಾಗದಲ್ಲೇ, ಬಲೆ ಬಿಡುವ ಕಡೆಯೇ ನಿಲ್ಲಿಸಿದನಂತೆ. ಆ ಸಂಜೆ ತಾಂಡೇಲನ ಹೆಂಡತಿ ಒಂದು ಪಾತ್ರೆ ಬದನೆಕಾಯಿ ಪಲ್ಯ ತಂದು ಜಗುಲಿಯಲ್ಲಿಟ್ಟು ಹೋದಳು. ನಾನು ಅದನ್ನು ಮುಟ್ಟಲಿಲ್ಲ. ಆಯಿ ತಿಂದಳು, ಖಾರ ಕಮ್ಮಿ ಎಂದಳು. ಕೇರಿಯವರಿಗೆ ಎಲ್ಲ ಸರಿಹೋಗಿತ್ತು. ಆಣೆಗೆ ಆಣೆ ಕೂತಿತು, ಕಾಯಿಗೆ ಕಾಯಿ ತೂಗಿತು, ಅಣ್ಣನಿಗೆ ಬೋಟು ಸಿಕ್ಕಿತು. ಇಲ್ಲದ ಸರಾಯಿಗೆ ಇರುವ ಮೀನನ್ನು ಕೊಟ್ಟವಳೊಬ್ಬಳಿದ್ದಾಳೆ ಎಂಬುದು ವಾರದೊಳಗೆ ಊರಿಗೆ ಹಳೆಯ ಸುದ್ದಿಯಾಯಿತು. ಇದೇ ನನ್ನಿಂದ ತಡೆಯಲಾಗದ್ದು. ಅವಳ ಮೇಲೆ ಯಾರೂ ಕ್ರೂರರಾಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡರು. ಸಿಟ್ಟು ಮಾಡಿಕೊಳ್ಳಲು ಒಬ್ಬ ಕೆಟ್ಟ ಮನುಷ್ಯನನ್ನೂ ಈ ಊರು ನನಗೆ ಕೊಡಲಿಲ್ಲ.

ಗಡಿಯಾಚೆಯ ಆ ಕುಟುಂಬ ನಮ್ಮ ಲೇಬಲ್ಲನ್ನು ಎರಡು ಸಲ ಮಾತ್ರ ಅಚ್ಚು ಹಾಕಿಸಿತು. ಆಮೇಲೆ ಬರಲಿಲ್ಲ. ಯಾರೂ ಕೊಳ್ಳಲಿಲ್ಲವೋ, ಮುದುಕ ಗೆದ್ದನೋ, ವಿಚಾರಿಸಲಿಲ್ಲ. ಲೇಬಲ್ ಅಂಟಿಸಿದ್ದ ಬಾಟಲಿಯನ್ನು ಆಯಿ ತೊಳೆದು ಕೊಬ್ಬರಿ ಎಣ್ಣೆ ತುಂಬಿಟ್ಟಳು. ಎಣ್ಣೆ ಹತ್ತಿ ಅಕ್ಷರಗಳು ಒಂದೊಂದಾಗಿ ಹೋದವು.

ಆಯಿ ಈಗಲೂ ಮೀನು ಮಾರುತ್ತಾಳೆ, ಮೊದಲಿಗಿಂತ ಕಡಿಮೆ. ನಾನು ಮನೆಗೆ ಹೋದ ದಿನ ಬಾಂಗಡೆಯ ಸಾರು ಮಾಡುತ್ತಾಳೆ. ಸಾರು ಕುದಿಯುವಾಗ ಮುಖ ಬಾಗಿಸಿ ಮೂಸುತ್ತಾಳೆ, ಹುಳಿ ಖಾರ ಎಲ್ಲ ಮೂಗಿನಲ್ಲೇ ತಿಳಿಯುತ್ತದೆ. ಉಪ್ಪು ಮಾತ್ರ ತಿಳಿಯುವುದಿಲ್ಲ. ಸೌಟಿನಿಂದ ನನ್ನ ಅಂಗೈಗೆ ನಾಲ್ಕು ಹನಿ ಹಾಕಿ ಬಾಯಿ ನೋಡುತ್ತ ನಿಲ್ಲುತ್ತಾಳೆ. ನಾನು ನೆಕ್ಕುತ್ತೇನೆ. ಸರಿ ಉಂಟು ಎನ್ನುತ್ತೇನೆ. ಇನ್ನೊಂದು ಮಾತು ಕೇಳದೆ ನಂಬುತ್ತಾಳೆ. ಒಲೆಯಿಂದ ಪಾತ್ರೆ ಇಳಿಸಿ, ನನ್ನ ತಟ್ಟೆಗೆ ಎರಡು ಬಾಂಗಡೆ ಹಾಕಿ, ತನ್ನ ಗಂಜಿಗೆ ಉಪ್ಪಿನಕಾಯಿ ಹುಡುಕುತ್ತ ನಾಗಂದಿಗೆಯ ಕಡೆ ಹೋಗುತ್ತಾಳೆ.